ಬಸ್ಸಿನಲ್ಲಿ ಬಂದ ಮೀನು

ಮೊದಲ ಸಲ ಮೀನು ತರಲು ಬೆಂಗಳೂರಿನ ಕಲಾಸಿಪಾಳ್ಯಕ್ಕೆ ಹೋದಾಗ ಬೆಳಗ್ಗೆ 5.45 ಆಗಿತ್ತು. ಚೆನ್ನೈನಿಂದ ರಾತ್ರಿ ಬಸ್ಸಿನಲ್ಲಿ ಒಂದು ಥರ್ಮಾಕೋಲ್ ಡಬ್ಬ ಬರಬೇಕಿತ್ತು. ಕ್ಲೀನರ್ ಹುಡುಗ ಡಿಕ್ಕಿ ತೆಗೆದು ಹೂವಿನ ಮೂಟೆ, ಒಂದು ಹೊಸ ಮಿಕ್ಸಿ, ಯಾರದೋ ಮದುವೆ ಕಾರ್ಡಿನ ಬಂಡಲ್ ಎಲ್ಲ ಇಳಿಸಿ ಕೊನೆಗೆ ನನ್ನ ಡಬ್ಬ ಎಳೆದ.

"ಏನಕ್ಕಾ ಇದು, ಐಸ್‌ಕ್ರೀಮಾ?"

"ಮೀನು."

ಡಬ್ಬ ಮೂಸಿ ನೋಡಿದ. "ವಾಸನೇನೇ ಇಲ್ವಲ್ಲ!"

ಆ ಡಬ್ಬದಲ್ಲಿ ಮೂರು ಸಮುದ್ರದ ಮೀನಿದ್ದವು. ಎರಡು ಕ್ಲೌನ್, ಒಂದು ಕೋರಲ್ ಬ್ಯೂಟಿ. ಕಿತ್ತಳೆ ಮೈ ಮೇಲೆ ಬಿಳಿ ಪಟ್ಟೆ ಇರುತ್ತಲ್ಲ, ಮಕ್ಕಳೆಲ್ಲ ಗುರುತು ಹಿಡಿಯುವ ಮೀನು, ಅದೇ ಕ್ಲೌನ್. ಕೋರಲ್ ಬ್ಯೂಟಿ ಅಂಗೈಗಿಂತ ಚಿಕ್ಕದು. ಅಂಚೆಲ್ಲ ಕಡು ನೇರಳೆ, ನಡುವೆ ಕೆಂಡದ ಬಣ್ಣ. ಅದು ಅವತ್ತೇ ಸಂಜೆ 7 ಗಂಟೆಗೆ ಸತ್ತಿತು. ಕ್ಲೌನ್‌ಗಳು ಎರಡು ವಾರ ಎಳೆದವು. ಮೂರನ್ನೂ ಕೊಂದದ್ದು ನಾನೇ. ಅದೂ ವಿಪರೀತ ಕಾಳಜಿ ಮಾಡಿ.

ನಾವಿರೋದು ಗಿರಿನಗರದಲ್ಲಿ, ಬಾಡಿಗೆ ಮನೆ, ನೆಲಮಹಡಿ. ನೆಲಮಹಡಿ ಅಂತ ಹೇಳೋದಕ್ಕೆ ಕಾರಣ ಇದೆ. 200 ಲೀಟರ್ ಟ್ಯಾಂಕ್ ಅಂದರೆ ನೀರೇ 200 ಕೆಜಿ. ಗಾಜು, ಕಲ್ಲು, ಸ್ಟ್ಯಾಂಡ್ ಸೇರಿ ಮುನ್ನೂರರ ಹತ್ತಿರ ಹೋಗುತ್ತೆ. ಮೇಲಿನ ಮನೆಯಾಗಿದ್ದರೆ ಓನರ್ ಅಂಕಲ್ ಒಪ್ಪುತ್ತಲೇ ಇರಲಿಲ್ಲ. ಒಪ್ಪಿದ ಮೇಲೂ ತಿಂಗಳಿಗೊಮ್ಮೆ ಬಂದು ಟೈಲ್ಸ್ ಬಿರುಕು ಬಿಟ್ಟಿದೆಯಾ ಅಂತ ಬಗ್ಗಿ ನೋಡಿ ಹೋಗುತ್ತಾರೆ.

ಊರಿಗೂ ಕಡಲಿಗೂ ಸಂಬಂಧವೇ ಇಲ್ಲ. ಮಂಗಳೂರು ಸುಮಾರು 350 ಕಿಲೋಮೀಟರ್ ದೂರ. ಹಾಗಾಗಿ ಸಮುದ್ರವನ್ನು ಅಡುಗೆಮನೆ ಪಕ್ಕದ ಯುಟಿಲಿಟಿಯಲ್ಲೇ ಕಲಸಬೇಕು. ಕಾವೇರಿ ನೀರನ್ನು ಆರ್‌ಒ ಮಾಡಿ, ಅದರ ಮೇಲೆ ಇನ್ನೊಂದು ಫಿಲ್ಟರ್ ಹಾಯಿಸಿ, ಟಿಡಿಎಸ್ (ನೀರಲ್ಲಿ ಕರಗಿರೋ ಲವಣದ ಅಳತೆ) ಸೊನ್ನೆಗೆ ತಂದು, 20 ಲೀಟರ್ ಕ್ಯಾನಿಗೆ ಸುಮಾರು ಮುಕ್ಕಾಲು ಕೆಜಿ ಅಕ್ವೇರಿಯಂ ಉಪ್ಪು ಹಾಕಿ ಒಂದು ರಾತ್ರಿ ಪಂಪ್‌ನಲ್ಲಿ ತಿರುಗಿಸಬೇಕು.

ಉಪ್ಪಿನ ರೇಟು ಕೇಳಿ ನಮ್ಮತ್ತೆ ಕೂತಲ್ಲೇ ಎದ್ದು ನಿಂತರು. ಅವರ ತವರು ಗೋಕರ್ಣದ ಹತ್ತಿರ. ಸಾಣಿಕಟ್ಟೆಯ ಉಪ್ಪಿನ ಆಗರ ನೋಡುತ್ತಾ ಬೆಳೆದವರು.

"ಎಂತಕ್ಕೆ ಅಷ್ಟು ದುಡ್ಡು? ಒಂದು ಮೂಟೆ ಸಾಣಿಕಟ್ಟೆ ಉಪ್ಪು ತರಿಸ್ತೆ ನಾನು. ಅದೂ ಸಮುದ್ರದ್ದೇ ಅಲ್ದಾ?"

ಸಮುದ್ರದ್ದೇ. ಆದರೆ ಆಗರದಲ್ಲಿ ಉಪ್ಪು ಹರಳುಗಟ್ಟಿದ ಮೇಲೆ ಕಹಿಯಾದ ನೀರು ಉಳಿಯುತ್ತೆ, ಅದನ್ನು ಹೊರಗೆ ಬಿಡುತ್ತಾರೆ. ಮೆಗ್ನೀಸಿಯಂನಂಥ ಲವಣಗಳು ಆ ನೀರಿನ ಜೊತೆ ಹೋಗಿಬಿಡುತ್ತವೆ. ನಮ್ಮ ಕೈಗೆ ಬರೋ ಕಲ್ಲುಪ್ಪು ಹೆಚ್ಚುಕಮ್ಮಿ ಬರೀ ಸೋಡಿಯಂ ಕ್ಲೋರೈಡ್. ಇದನ್ನು ಹೇಳಿದಾಗ ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, "ಹೌದು, ಆ ನೀರು ಬಾಯಿಗಿಟ್ರೆ ವಿಷದ ಹಂಗೆ ಕಹಿ" ಅಂದರು. ಆಮೇಲೆ ಉಪ್ಪಿನ ಮಾತು ಎತ್ತಲಿಲ್ಲ. ಮೀನಿನ ರೇಟಿನ ಮಾತು ಮಾತ್ರ ಬಿಡಲಿಲ್ಲ. "ಈ ದುಡ್ಡಿಗೆ ಒಂದು ಬುಟ್ಟಿ ಬಂಗುಡೆ ಬರ್ತಿತ್ತು."

ಟ್ಯಾಂಕ್ ಕಟ್ಟಿ, ನೀರಲ್ಲಿ ಒಳ್ಳೆ ಬ್ಯಾಕ್ಟೀರಿಯಾ ಬೆಳೆಯಲು ಆರು ವಾರ ಕಾದದ್ದನ್ನು ಇಲ್ಲಿ ವಿವರಿಸಲ್ಲ. ಅದು ಬೋರು ಹೊಡೆಸುವ ಕೆಲಸ, ಎಲ್ಲರೂ ಹೇಳುತ್ತಾರೆ. ನನ್ನ ಕಥೆ ಡಬ್ಬ ಬಿಚ್ಚಿದ ಮೇಲಿನದು.

ನಾನು ಓದಿಕೊಂಡಿದ್ದ ವಿಧಾನ ಇದು. ಚೀಲವನ್ನು ಟ್ಯಾಂಕಿನಲ್ಲಿ ತೇಲಿಬಿಟ್ಟು ಬಿಸಿ ಸಮ ಮಾಡಿಕೊಳ್ಳಬೇಕು. ಆಮೇಲೆ ಮೀನನ್ನು ಚೀಲದ ನೀರಿನ ಸಮೇತ ಬಕೆಟ್ಟಿಗೆ ಬಿಟ್ಟು, ಏರ್ ಪಂಪಿನ ಸಣ್ಣ ಟ್ಯೂಬಿಗೆ ಒಂದು ಗಂಟು ಹಾಕಿ, ಟ್ಯಾಂಕಿನ ನೀರನ್ನು ಸೆಕೆಂಡಿಗೆ ಎರಡು ಮೂರು ಹನಿಯಂತೆ ಬಿಡಬೇಕು. ಆಸ್ಪತ್ರೆಯ ಡ್ರಿಪ್ ಇದ್ದಂತೆ. ನಿಧಾನ ಮಾಡಿದಷ್ಟೂ ಮೀನಿಗೆ ಸುಖ ಅಂತ ಅಂದುಕೊಂಡಿದ್ದೆ. ಒಂದು ಗಂಟೆ ಸಾಕು ಅಂತಿದ್ದ ಕಡೆ ನಾನು ಎರಡು ಗಂಟೆ ಇಟ್ಟುಕೊಂಡೆ.

ಮೊದಲ ಹತ್ತು ನಿಮಿಷ ಎಲ್ಲ ಸರಿಯಿತ್ತು. ಮೀನು ಬೆದರಿದ್ದವು, ಬಣ್ಣ ಮಾಸಿತ್ತು, ಆದರೆ ನೆಟ್ಟಗಿದ್ದವು. ಇಪ್ಪತ್ತನೇ ನಿಮಿಷಕ್ಕೆ ಕೋರಲ್ ಬ್ಯೂಟಿ ಬಕೆಟ್ಟಿನ ಗೋಡೆಗೆ ಒರಗಿತು. ಕಿವಿರು ಹಾರುತ್ತಿತ್ತು. ನಾನು ಗೋಡೆ ಗಡಿಯಾರ ನೋಡಿಕೊಂಡು ಎಣಿಸಿದೆ. ಹತ್ತು ಸೆಕೆಂಡಿಗೆ 26. ಅಂದರೆ ನಿಮಿಷಕ್ಕೆ 150ರ ಮೇಲೆ. ಬಸ್ಸಿನಲ್ಲಿ ಬಂದ ಸುಸ್ತು ಅಂದುಕೊಂಡು ಹನಿ ಇನ್ನೂ ನಿಧಾನ ಮಾಡಿದೆ. ನನ್ನ ಮಗ ಪಕ್ಕದಲ್ಲೇ ಕೂತಿದ್ದ, ಹನ್ನೊಂದು ವರ್ಷ. "ಅಮ್ಮಾ, ಅದು ಓಡಿಬಂದವರ ಥರ ಉಸಿರಾಡ್ತಿದೆ" ಅಂದ. ಅವನಿಗೆ ಕಂಡದ್ದು ನನಗೆ ಕಾಣಲಿಲ್ಲ.

ನಡೆದದ್ದೇನು ಅಂತ ತಿಳಿದದ್ದು ಆಮೇಲೆ. ಶಿವಾಜಿನಗರದ ಕಡೆ ಒಬ್ಬರು ಮೀನಿನ ಅಂಗಡಿಯವರು ಒಂದೇ ಮಾತಿನಲ್ಲಿ ಹೇಳಿದರು: "ಮೇಡಂ, ದೂರದಿಂದ ಬಂದ ಚೀಲ ಬಿಚ್ಚಿದ ಮೇಲೆ ನಿಮ್ಮ ಹತ್ರ ಟೈಮ್ ಇಲ್ಲ."

ಚೀಲದೊಳಗೆ ರಾತ್ರಿಯೆಲ್ಲ ಮೀನು ಉಸಿರು ಬಿಡುತ್ತೆ. ಇಂಗಾಲದ ಡೈಆಕ್ಸೈಡ್ ಸೇರಿ ಸೇರಿ ನೀರಿನ ಪಿಎಚ್ ಇಳಿಯುತ್ತೆ, ಅಂದರೆ ನೀರು ಹುಳಿಯ ಕಡೆಗೆ ವಾಲುತ್ತೆ. ಅದೇ ನೀರಿನಲ್ಲಿ ಮೀನು ಬಿಟ್ಟ ಅಮೋನಿಯಾನೂ ಸೇರುತ್ತಾ ಹೋಗುತ್ತೆ. ಪಿಎಚ್ ಕಡಿಮೆ ಇರುವಷ್ಟು ಹೊತ್ತು ಆ ಅಮೋನಿಯಾದ ಬಹುಪಾಲು ಅಮೋನಿಯಂ ರೂಪದಲ್ಲಿರುತ್ತೆ, ಅಷ್ಟೇನೂ ಕಾಟ ಕೊಡಲ್ಲ. ಚೀಲ ಬಿಚ್ಚಿದೆವೋ, ಗೋಲಿ ಸೋಡಾದ ಗೋಲಿ ಒತ್ತಿದಂಗೆ ಗ್ಯಾಸೆಲ್ಲ ಹೊರಗೆ ಹೋಗುತ್ತೆ. ಪಿಎಚ್ ಏರುತ್ತೆ. ಪಿಎಚ್ ಒಂದು ಅಂಕಿ ಏರಿದರೆ ವಿಷದ ಅಮೋನಿಯಾದ ಪಾಲು ಸುಮಾರು 10 ಪಟ್ಟಾಗುತ್ತೆ. ನಾನು ಹನಿ ಹನಿಯಾಗಿ ಬಿಡುತ್ತಿದ್ದ ಟ್ಯಾಂಕಿನ ನೀರಿನ ಪಿಎಚ್ 8.2. ಅಂದರೆ ನಾನೇ ಅದನ್ನು ಇನ್ನಷ್ಟು ಏರಿಸುತ್ತಿದ್ದೆ. ಮೀನು ಎರಡು ಗಂಟೆ ಅದರಲ್ಲೇ ಕೂತಿತ್ತು. ನಾನು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕಾವಲು ಕಾಯುತ್ತಿದ್ದೆ.

ಡ್ರಿಪ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಇಲ್ಲೇ ಅರ್ಧ ಗಂಟೆ ದೂರದ ಅಂಗಡಿಯಿಂದ ತಂದ ಮೀನಿಗೆ ಅದು ಪರವಾಗಿಲ್ಲ, ಚೀಲದಲ್ಲಿ ಇನ್ನೂ ಗಲೀಜು ಸೇರಿರಲ್ಲ. ಸೀಗಡಿ, ಬಸವನಹುಳುಗಳಿಗಂತೂ ನಿಧಾನದ ಡ್ರಿಪ್ಪೇ ಬೇಕು, ಉಪ್ಪಿನ ವ್ಯತ್ಯಾಸ ಅವು ತಡೆಯಲ್ಲ. ರಾತ್ರಿಯೆಲ್ಲ ಬಸ್ಸಿನ ಡಿಕ್ಕಿಯಲ್ಲಿ ಬಂದ ಮೀನಿಗೆ ಮಾತ್ರ ಬೇಡ.

ಎರಡನೇ ತಪ್ಪು ಗೊತ್ತಾದದ್ದು ಒಂಬತ್ತನೇ ದಿನ. ಉಳಿದ ಕ್ಲೌನ್‌ಗಳ ರೆಕ್ಕೆ ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. ಮೀನು ಸಾಕುವವರು ಇಕ್ ಅಂತಾರೆ. ಅದೊಂದು ಪರೋಪಜೀವಿ. ದಣಿದ ಮೀನು ಕಂಡರೆ ಅದಕ್ಕೆ ಹಬ್ಬ. ನಾನು ಹೊಸ ಮೀನನ್ನು ಬೇರೆ ಇಟ್ಟು ನೋಡದೆ ನೇರ ದೊಡ್ಡ ಟ್ಯಾಂಕಿಗೇ ಬಿಟ್ಟಿದ್ದೆ. ದೊಡ್ಡ ಟ್ಯಾಂಕಿಗೆ ತಾಮ್ರದ ಔಷಧಿ ಹಾಕುವ ಹಾಗಿಲ್ಲ, ಬಸವನಹುಳು ಎಲ್ಲ ಸಾಯುತ್ತವೆ, ಕಲ್ಲಿಗೂ ತಾಮ್ರ ಹಿಡಿಯುತ್ತೆ. ಬೇರೆ ಟ್ಯಾಂಕ್ ಹೊಂದಿಸುವಷ್ಟರಲ್ಲಿ ಎರಡೂ ಹೋದವು.

ಅತ್ತೆ ದೃಷ್ಟಿ ಅಂದರು. ಟ್ಯಾಂಕಿನ ಮುಂದೆ ನಿಂತು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ನಾನು ಬೇಡ ಅನ್ನಲಿಲ್ಲ. ಬೆಂಕಿಗೆ ಹಾಕೋದನ್ನು ಮಾತ್ರ ಆಚೆ ಅಂಗಳದಲ್ಲಿ ಹಾಕಿ ಅಂದೆ.

ಆಮೇಲೆ 76 ದಿನ ಟ್ಯಾಂಕ್ ಖಾಲಿ. ಈ ಇಕ್ ಹುಳ ಮೀನಿನ ಮೈಯಿಂದ ಉದುರಿ ಮರಳಲ್ಲಿ ಗೂಡು ಕಟ್ಟುತ್ತೆ. ಗೂಡು ಒಡೆದು ಹೊರಬಂದ ಮರಿಗಳಿಗೆ ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತವೆ. ಆದರೆ ಕೆಲವು ಗೂಡು ತುಂಬಾ ತಡವಾಗಿ ಒಡೆಯುತ್ತವೆ. ಅದಕ್ಕೇ ಹವ್ಯಾಸಿಗಳು 76 ದಿನ ಅಂತ ಒಂದು ಲೆಕ್ಕ ಹಿಡಿದಿದ್ದಾರೆ. ಎರಡೂವರೆ ತಿಂಗಳು ಮನೆಗೆ ಬಂದವರೆಲ್ಲ "ಮೀನೆಲ್ಲಿ?" ಅಂತ ಕೇಳಿದರು. ಲೈಟು ಉರಿಯುತ್ತಿದೆ, ಪಂಪು ಓಡುತ್ತಿದೆ, ಕರೆಂಟ್ ಬಿಲ್ ಬರುತ್ತಿದೆ, ಒಳಗೆ ನಾಲ್ಕು ಬಸವನಹುಳು. ನಮ್ಮೆಜಮಾನರು ಬಂದವರಿಗೆಲ್ಲ "ಬಸವಣ್ಣನ ದೇವಸ್ಥಾನ" ಅಂತ ಪರಿಚಯ ಮಾಡಿಕೊಡುತ್ತಿದ್ದರು.

ಆ ಎರಡೂವರೆ ತಿಂಗಳಲ್ಲಿ ನಾನು ಸುಮ್ನೆ ಕೂರಲಿಲ್ಲ. ಮಗನ ಹಳೇ 40 ಲೀಟರ್ ಗೋಲ್ಡ್‌ಫಿಶ್ ಟ್ಯಾಂಕ್ ತೊಳೆದು ಮಲಗುವ ಕೋಣೆಯ ಮೂಲೆಯಲ್ಲಿಟ್ಟೆ. ಇದಕ್ಕೆ ನಮ್ಮನೆಯಲ್ಲಿ ಬಾಣಂತಿ ಕೋಣೆ ಅಂತ ಹೆಸರು ಬಿತ್ತು. ಮರಳಿಲ್ಲ, ಕಲ್ಲಿಲ್ಲ. ಒಂದು ಹೀಟರ್, ಒಂದು ಸ್ಪಂಜ್ ಫಿಲ್ಟರ್, ಮೀನು ಅಡಗಲು ಪ್ಲಂಬಿಂಗ್ ಅಂಗಡಿಯಿಂದ ತಂದ ಮೂರು ಬಿಳಿ ಪಿವಿಸಿ ಎಲ್ಬೋ, ಅಂದರೆ ಮೊಣಕೈಯಂತೆ ಬಾಗಿದ ಪೈಪಿನ ತುಂಡು. ಸ್ಪಂಜನ್ನು ಅದಕ್ಕೂ ಮುಂಚೆ ದೊಡ್ಡ ಟ್ಯಾಂಕಿನ ಕೆಳಗಿನ ಸಂಪಿನಲ್ಲಿ (ನೀರು ಸೋಸುವ ಸಣ್ಣ ತೊಟ್ಟಿ) ಅದ್ದಿಟ್ಟಿದ್ದೆ, ಬ್ಯಾಕ್ಟೀರಿಯಾ ಹಿಡಿಯಲಿ ಅಂತ. ಅದನ್ನು ಇಲ್ಲಿಗೆ ತಂದದ್ದು 76 ದಿನ ಮುಗಿದ ಮೇಲೆ. ಮೂರು ಬದಿಗೆ ಹಳೇ ಪೇಪರ್ ಅಂಟಿಸಿದೆ. ಮೇಲೆ ಕಿಟಕಿಗೆ ಹಾಕುವ ಸೊಳ್ಳೆ ಮೆಶ್ ಬಿಗಿದೆ. ಯಾಕಂದರೆ ಈ ಸಲ ಎರಡು ಕ್ಲೌನ್ ಜೊತೆ ತರಿಸಿದ್ದು ಒಂದು ಫೈರ್‌ಫಿಶ್, ಅದು ಬೆದರಿದರೆ ನೆಗೆಯುತ್ತೆ. ಬೆಳಗ್ಗೆ ಎದ್ದು ನೋಡಿದರೆ ಮಂಚದ ಕೆಳಗೆ ಒಣಗಿರುತ್ತೆ.

ಮಗ ಕಡಲ್ಗುದುರೆ ಕೇಳಿದ್ದ. ಅದಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ ಕಣೋ, ಸಾಕೋ ಹಾಗಿಲ್ಲ ಅಂದೆ. ಗಟ್ಟಿ ಹವಳಕ್ಕೂ ಅದೇ ಕಾಯ್ದೆ. ಕದ್ದು ಮಾರುವವರು ಇದ್ದಾರೆ, ನಾವು ಆ ಗೊಡವೆಗೆ ಹೋಗಲಿಲ್ಲ. ನಮ್ಮ ಟ್ಯಾಂಕಿನಲ್ಲಿರೋದು ಒಣ ಕಲ್ಲು.

ಮುಖ್ಯವಾದ ಕೆಲಸ ಒಂದು ಫೋನ್ ಕಾಲ್. ಕಳಿಸುವವರಿಗೆ ಮೊದಲೇ ಫೋನ್ ಮಾಡಿ, "ನಿಮ್ಮ ಟ್ಯಾಂಕಿನ ಸಲಿನಿಟಿ ಎಷ್ಟು?" ಅಂತ ಕೇಳಿದೆ. 1.019 ಅಂದರು. ಅಂದರೆ ಸಿಹಿ ನೀರು 1 ತೂಗಿದರೆ ಅಷ್ಟೇ ಅಳತೆಯ ಆ ಉಪ್ಪು ನೀರು 1.019 ತೂಗುತ್ತೆ; ಅಂಕಿ ಹೆಚ್ಚಿದಷ್ಟೂ ಉಪ್ಪು ಹೆಚ್ಚು. ನನ್ನ ದೊಡ್ಡ ಟ್ಯಾಂಕ್ 1.025, ಕಡಲಿನ ಲೆಕ್ಕ. ಅಂಗಡಿಗಳಲ್ಲಿ ಉಪ್ಪು ಕಮ್ಮಿ ಇಡೋದು ಮಾಮೂಲು. ಉಪ್ಪೂ ಉಳಿಯುತ್ತೆ, ಹುಳದ ಕಾಟವೂ ಸ್ವಲ್ಪ ತಗ್ಗುತ್ತೆ. ಮೀನಿಗೆ ಉಪ್ಪು ಜಾಸ್ತಿ ಇರುವ ಕಡೆಯಿಂದ ಕಮ್ಮಿ ಇರುವ ಕಡೆಗೆ ಹೋಗೋದು ಸುಲಭ. ಕಮ್ಮಿಯಿಂದ ಜಾಸ್ತಿಗೆ ಕಷ್ಟ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ನೀರು ಬಿಟ್ಟುಕೊಳ್ಳುತ್ತಲ್ಲ, ಹಾಗೇ ಮೀನಿನ ಮೈಯಿಂದಲೂ ಕಡಲ ನೀರು ನೀರನ್ನು ಎಳೆಯುತ್ತಲೇ ಇರುತ್ತೆ. ಅದಕ್ಕೆ ಕಡಲ ಮೀನು ಸದಾ ನೀರು ಕುಡಿದು, ಉಪ್ಪನ್ನು ಕಿವಿರಿನಿಂದ ಹೊರಗೆ ಹಾಕುತ್ತಿರುತ್ತೆ. ಒಂದೇ ಏಟಿಗೆ ಉಪ್ಪು ಏರಿಸಿದರೆ ದಣಿದ ಮೀನಿಗೆ ಈ ಕೆಲಸ ನಿಭಾಯಿಸಲು ಆಗಲ್ಲ. ಹಾಗಾಗಿ ಬಾಣಂತಿ ಕೋಣೆಯ ನೀರನ್ನು 1.019ಕ್ಕೆ ತಂದಿಟ್ಟೆ. ಮೊದಲ ಸಲ ಮೀನನ್ನು ನನ್ನ ನೀರಿಗೆ ಒಗ್ಗಿಸಲು ಹೋಗಿದ್ದೆ. ಈ ಸಲ ನನ್ನ ನೀರನ್ನೇ ಮೀನಿಗೆ ಒಗ್ಗಿಸಿದೆ.

ಮತ್ತೆ ಕಲಾಸಿಪಾಳ್ಯ. ಈ ಸಲ ಬಸ್ಸು ಅರ್ಧ ಗಂಟೆ ತಡ. ಆಟೋದಲ್ಲಿ ಡಬ್ಬ ತೊಡೆ ಮೇಲಿಟ್ಟುಕೊಂಡು, ಪ್ರತಿ ರೋಡ್ ಹಂಪಿಗೂ ಡ್ರೈವರಣ್ಣನಿಗೆ "ನಿಧಾನ ಅಣ್ಣ" ಅಂತ ಹೇಳಿ ಹೇಳಿ ಬಯ್ಯಿಸಿಕೊಂಡೆ.

ಮನೆಗೆ ಬಂದು ಕೋಣೆಯ ಲೈಟ್ ಆರಿಸಿದೆ. ಕಿಟಕಿ ಪರದೆ ಎಳೆದೆ. ಡಬ್ಬವನ್ನು ಒಮ್ಮೆಗೇ ತೆರೆಯದೆ, ಮುಚ್ಚಳ ಒಂದು ಬೆರಳು ಸರಿಸಿ ಹತ್ತು ನಿಮಿಷ ಬಿಟ್ಟೆ. ರಾತ್ರಿಯೆಲ್ಲ ಕತ್ತಲಲ್ಲಿದ್ದ ಜೀವಕ್ಕೆ ಟ್ಯೂಬ್‌ಲೈಟ್ ಏಕಾಏಕಿ ಹೊಡೆದರೆ ಹೇಗಿರುತ್ತೆ ಹೇಳಿ. ಆಮೇಲೆ ಚೀಲಗಳನ್ನು ಬಿಚ್ಚದೆ ಹಾಗೇ ಟ್ಯಾಂಕಿನಲ್ಲಿ 20 ನಿಮಿಷ ತೇಲಿಬಿಟ್ಟೆ. ನೀರು 26 ಡಿಗ್ರಿ ಇತ್ತು.

ಇನ್ನು ಮುಂದಿನದು ಸರಸರ ಆಗಬೇಕು. ಒಂದು ಚೀಲ ಕತ್ತರಿಸಿದೆ. ಒಂದು ಹನಿಯನ್ನು ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಿಗೆ ಹಾಕಿ ನೋಡಿದೆ. 1.019, ಮಾತು ಸುಳ್ಳಲ್ಲ. ಮೀನನ್ನು ಬಲೆಯಲ್ಲಿ ಹಿಡಿಯಲಿಲ್ಲ, ಬಲೆಗೆ ರೆಕ್ಕೆ ಸಿಕ್ಕಿ ಹರಿಯುತ್ತೆ. ತೂತು ಕೊರೆದ ಒಂದು ಪ್ಲಾಸ್ಟಿಕ್ ಲೋಟದಲ್ಲಿ ಎತ್ತಿದೆ. ನೀರು ತೂತಿನಿಂದ ಇಳಿಯಿತು, ಮೀನು ಉಳಿಯಿತು, ಟ್ಯಾಂಕಿಗೆ ಜಾರಿಸಿದೆ. ಚೀಲದ ಒಂದು ಹನಿ ನೀರೂ ಟ್ಯಾಂಕಿಗೆ ಬೀಳಬಾರದು ಅಂತ ಅದನ್ನೆಲ್ಲ ಬಚ್ಚಲಿಗೆ ಸುರಿದೆ. ಮೂರು ಚೀಲಕ್ಕೂ ಸೇರಿ ಐದು ನಿಮಿಷವೂ ಆಗಲಿಲ್ಲ. ಎರಡು ಗಂಟೆಯ ಶ್ರದ್ಧೆಗೆ ಬದಲು ಐದು ನಿಮಿಷ. ಏನೋ ಕಳ್ಳತನ ಮಾಡಿದಂತೆ ಅನಿಸಿತು.

ಕ್ಲೌನ್‌ಗಳು ಹೀಟರಿನ ಹಿಂದೆ ಹೋಗಿ ಮೈಗೆ ಮೈ ಒತ್ತಿಕೊಂಡು ನಿಂತವು. ಇವು ಹ್ಯಾಚರಿಯಲ್ಲಿ ಹುಟ್ಟಿ ಬೆಳೆದವು, ಗಾಜು ಅಂದರೆ ಗೊತ್ತು. ಫೈರ್‌ಫಿಶ್ ಹಾಗಲ್ಲ, ಅದು ಕಡಲಿಂದ ಹಿಡಿದು ತಂದ ಮೀನು. ಮುಂಭಾಗ ಕೆನೆ ಬಣ್ಣ, ಹಿಂಭಾಗ ಕುಂಕುಮ, ಬೆನ್ನ ಮೇಲೆ ಒಂದು ಉದ್ದ ಕಡ್ಡಿ. ನೀರಿಗೆ ಬಿದ್ದ ಕ್ಷಣವೇ ಆ ಕುಂಕುಮ ಪಿವಿಸಿ ಎಲ್ಬೋದೊಳಗೆ ಮಾಯ.

ಆಮೇಲಿನ ಕೆಲಸ ಅತಿ ಕಷ್ಟದ್ದು. ಏನೂ ಮಾಡದೇ ಇರುವುದು.

ಮೊದಲ ದಿನ ಊಟ ಹಾಕಬಾರದು. ಲೈಟ್ ಹಾಕಬಾರದು. ಹತ್ತಿರ ಹೋಗಬಾರದು. ನಮ್ಮನೆಯಲ್ಲಿ ಇದೊಂದನ್ನು ಪಾಲಿಸಲು ಯಾರಿಗೂ ಬರಲಿಲ್ಲ. ಹತ್ತು ಗಂಟೆಗೆ ಎಜಮಾನರು ಮೊಬೈಲ್ ಟಾರ್ಚ್ ಹಿಡಿದು, "ಬದುಕಿದೆಯಾ ನೋಡ್ತಿದ್ದೆ ಅಷ್ಟೇ" ಅಂತ ಸಿಕ್ಕಿಬಿದ್ದರು. ಹನ್ನೊಂದಕ್ಕೆ ಮಗ. ಮಧ್ಯಾಹ್ನ ಪಕ್ಕದ ಮನೆಯ ಪುಟಾಣಿ ಬಂದು ಗಾಜಿನ ಮೇಲೆ ಟಕಟಕ ಬಡಿದಳು. ನಾನೇನು ಕಮ್ಮಿಯೇ? ಆಫೀಸಿಗೆ ರಜೆ ಹಾಕಿ ಅರ್ಧ ಗಂಟೆಗೊಮ್ಮೆ ಬಾಗಿಲ ಸಂದಿಯಲ್ಲಿ ಇಣುಕುತ್ತಿದ್ದೆ. ಕೊನೆಗೆ ನಾಲ್ಕನೇ ಬದಿಗೂ ಪೇಪರ್ ಅಂಟಿಸಿ, ಕಣ್ಣಿನಷ್ಟು ಒಂದು ತೂತು ಬಿಟ್ಟೆ. ಮಗ ತಲೆಕೆಳಗಾಗಿ ಅಂಟಿಸಿದ್ದ ಕ್ರಿಕೆಟ್ ಸುದ್ದಿಯನ್ನು ಕತ್ತು ತಿರುಗಿಸಿ ಓದುತ್ತಾ ಕೂತ. ಮೀನಿಗೂ ಅವನಿಗೂ ಇಬ್ಬರಿಗೂ ನೆಮ್ಮದಿ.

ಸಂಜೆ ಆರಕ್ಕೆ ಇನ್ನೊಂದು ಯಡವಟ್ಟು ತಪ್ಪಿತು. ಅತ್ತೆ ಸಂಜೆ ದೀಪ ಹಚ್ಚಿ ಕೋಣೆಕೋಣೆಗೂ ಧೂಪ ತೋರಿಸುತ್ತಾ ಬಂದರು. ಅದೇ ಹೊತ್ತಿಗೆ ಸೊಳ್ಳೆ ಅಂತ ಎಜಮಾನರು ಆ ಕೋಣೆಯಲ್ಲಿ ಲಿಕ್ವಿಡ್ ಮೆಷಿನ್ ಪ್ಲಗ್ ಮಾಡಿದ್ದರು. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತೆ ಅನ್ನೋದು ಇಬ್ಬರಿಗೂ ಹೊಳೆದಿರಲಿಲ್ಲ. ಸೊಳ್ಳೆ ಔಷಧಿಯಲ್ಲಿರೋದು ನಮಗೆ ಅಷ್ಟಾಗಿ ತಟ್ಟಲ್ಲ, ಮೀನಿಗೆ ಪಕ್ಕಾ ವಿಷ. ಮೆಷಿನ್ ಕಿತ್ತೆ, ಕಿಟಕಿ ತೆಗೆದೆ. ಅತ್ತೆಗೆ ಬೇಜಾರಾಗದ ಹಾಗೆ, "ಬಾಣಂತಿ ಕೋಣೆಗೆ ಹೊಗೆ ಬೇಡ ಅತ್ತೆ" ಅಂದೆ. "ಬಾಣಂತಿಗೆ ಹೊಗೆ ಹಾಕ್ಲೇಬೇಕು" ಅಂದರು. ಆ ವಾದದಲ್ಲಿ ನಾನು ಗೆಲ್ಲಲಿಲ್ಲ, ಧೂಪ ಮಾತ್ರ ಹಾಲಿಗೇ ನಿಂತಿತು.

ಎರಡನೇ ರಾತ್ರಿ ಗುಡುಗು ಮಳೆ. ಹನ್ನೊಂದು ಗಂಟೆಗೆ ಕರೆಂಟ್ ಹೋಯಿತು. ಏರ್ ಪಂಪ್ ನಿಂತ ನಿಶ್ಶಬ್ದಕ್ಕೆ ನನಗೆ ಎಚ್ಚರವಾಯಿತು. ಉಪ್ಪು ನೀರಿನಲ್ಲಿ ಆಮ್ಲಜನಕ ಸಿಹಿ ನೀರಿಗಿಂತ ಕಮ್ಮಿ ಕರಗುತ್ತೆ. ಬೆಂಗಳೂರು ಕಡಲಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿಯ ಒತ್ತಡವೇ ಸುಮಾರು ಶೇ 10ರಷ್ಟು ಕಮ್ಮಿ. ಅಂದರೆ ಚೆನ್ನೈನಲ್ಲಿದ್ದ ಮೀನು ಇಲ್ಲಿ ಬೆಟ್ಟ ಹತ್ತಿ ಬಂದ ಹಾಗೆ. ಬ್ಯಾಟರಿ ಪಂಪ್ ಇತ್ತು, ಸೆಲ್ ಇರಲಿಲ್ಲ. ಟಿವಿ ರಿಮೋಟಿನದು ಸಣ್ಣ ಸೆಲ್ಲು, ಇದಕ್ಕೆ ದಪ್ಪದ್ದು ಬೇಕು. ಸರಿ, ಚೊಂಬು ತಗೊಂಡೆ. ಟ್ಯಾಂಕಿನಿಂದ ನೀರು ಮೊಗೆದು ಒಂದು ಗೇಣು ಎತ್ತರದಿಂದ ಸುರಿಯೋದು, ಮತ್ತೆ ಮೊಗೆಯೋದು. ಕಾಫಿ ಆರಿಸಿದ ಹಾಗೆ. ನಾನೊಂದಿಷ್ಟು ಹೊತ್ತು, ಎಜಮಾನರೊಂದಿಷ್ಟು ಹೊತ್ತು. ಕಾಲು ಗಂಟೆಗೊಮ್ಮೆ ಹತ್ತಿಪ್ಪತ್ತು ಚೊಂಬು. ಬೆದರಿಕೆ ಆಗುತ್ತೆ ಅಂತ ಗೊತ್ತಿತ್ತು, ಉಸಿರು ಕಟ್ಟುವುದಕ್ಕಿಂತ ವಾಸಿ. ಒಂದೂವರೆ ಗಂಟೆ ಆದ ಮೇಲೆ ಕರೆಂಟ್ ಬಂತು. ಮಾರನೇ ದಿನ ಒಂದು ಡಜನ್ ದಪ್ಪ ಸೆಲ್ ತಂದೆ.

ಕ್ಲೌನ್‌ಗಳು ಎರಡನೇ ದಿನವೇ ತಿಂದವು. ಫ್ರೋಜನ್ ಸೀಗಡಿಯ ಚೂರು, ಕರಗಿಸಿ ತೊಳೆದದ್ದು. ಅವುಗಳ ಬಗ್ಗೆ ಇನ್ನು ಹೇಳಲು ಹೆಚ್ಚಿಲ್ಲ. ಗಟ್ಟಿ ಜೀವ. ಎರಡರಲ್ಲಿ ದೊಡ್ಡದು ಚಿಕ್ಕದನ್ನು ಸ್ವಲ್ಪ ಗದರಿಸುತ್ತಿತ್ತು. ಈ ಜಾತಿಯಲ್ಲಿ ಎಲ್ಲವೂ ಮೊದಲು ಗಂಡಾಗಿರುತ್ತವೆ, ಜೋಡಿಯಲ್ಲಿ ಜೋರಾದದ್ದು ಹೆಣ್ಣಾಗುತ್ತೆ. ಅತ್ತೆಗೆ ಈ ವಿಷಯ ತುಂಬಾ ಹಿಡಿಸಿತು, ಇಬ್ಬರು ಮೂವರಿಗೆ ಫೋನಿನಲ್ಲಿ ಹೇಳಿದರು.

ಫೈರ್‌ಫಿಶ್ ಮೂರು ದಿನ ಪೈಪ್ ಬಿಟ್ಟು ಬರಲಿಲ್ಲ. ತೂತಿನಲ್ಲಿ ಇಣುಕಿದರೆ ಎಲ್ಬೋದ ಬಾಯಲ್ಲಿ ಒಂದು ಹಳದಿ ಮೂತಿ, ಎರಡು ಕಣ್ಣು. ಹಾಕಿದ ಸೀಗಡಿ ಚೂರು ಮೂತಿಯ ಮುಂದೆಯೇ ಹಾದುಹೋದರೂ ಕದಲುತ್ತಿರಲಿಲ್ಲ. ಹತ್ತು ನಿಮಿಷ ಬಿಟ್ಟು ಉಳಿದದ್ದನ್ನು ಟ್ಯೂಬಿನಲ್ಲಿ ಹೀರಿ ತೆಗೆಯುತ್ತಿದ್ದೆ, ಕೊಳೆತರೆ ಮತ್ತೆ ಅಮೋನಿಯಾ. ಕಿವಿರು ಮಾತ್ರ ಸಮಾಧಾನವಾಗಿ ಆಡುತ್ತಿತ್ತು. ಮೊದಲ ದಿನ ಹತ್ತು ಸೆಕೆಂಡಿಗೆ 20 ಇದ್ದದ್ದು ಮೂರನೇ ದಿನಕ್ಕೆ 13. ಹಾಗಾಗಿ ನಾನೂ ತಡೆದುಕೊಂಡೆ.

ಸತ್ತ ಆಹಾರ ಅದಕ್ಕೆ ಆಹಾರವಾಗಿ ಕಾಣುತ್ತಿಲ್ಲವೇನೋ ಅನ್ನಿಸಿತು. ಆರ್ಟೀಮಿಯಾ ಅನ್ನೋ ಪುಟಾಣಿ ಸೀಗಡಿಯಂಥ ಜೀವಿಯ ಮೊಟ್ಟೆ ತಂದಿದ್ದೆ, ಕಂದು ಪುಡಿಯಂತಿರುತ್ತೆ. ನೀರಿನ ಬಾಟಲಿಯ ತಳ ಕತ್ತರಿಸಿ, ತಲೆಕೆಳಗೆ ನಿಲ್ಲಿಸಿ, ಉಪ್ಪು ನೀರು ತುಂಬಿ, ಗಾಳಿ ಬಿಟ್ಟು, ಒಂದು ಚಿಟಿಕೆ ಹಾಕಿದೆ. ಒಂದೂವರೆ ದಿನಕ್ಕೆ ಒಡೆದವು. ಗಾಳಿ ನಿಲ್ಲಿಸಿ ಟಾರ್ಚ್ ಹಿಡಿದರೆ ಮರಿಗಳೆಲ್ಲ ಬೆಳಕಿನ ಕಡೆ ಬಂದು ಕಿತ್ತಳೆ ಮೋಡದಂತೆ ಸೇರುತ್ತವೆ. ಅದನ್ನು ಡ್ರಾಪರಿನಲ್ಲಿ ಎಳೆದು, ಟೀ ಸೋಸುವ ಬಟ್ಟೆಯಲ್ಲಿ ತೊಳೆದು, ಪೈಪಿನಿಂದ ಒಂದು ಗೇಣು ದೂರದಲ್ಲಿ ಮೆಲ್ಲಗೆ ಬಿಟ್ಟೆ.

ಕಿತ್ತಳೆ ಚುಕ್ಕೆಗಳು ಕುಪ್ಪಳಿಸುತ್ತಾ ಹರಡಿದವು. ಕ್ಲೌನ್‌ಗಳು ಮುಗಿಬಿದ್ದವು. ಹಳದಿ ಮೂತಿ ಅರ್ಧ ಇಂಚು ಮುಂದೆ ಬಂತು, ನಿಂತಿತು. ಬೆನ್ನ ಕಡ್ಡಿ ಒಮ್ಮೆ ಎದ್ದು ಮಡಚಿತು, ಮತ್ತೆ ಎದ್ದಿತು. ಒಂದು ಮರಿ ಕಣ್ಣ ಮುಂದೆಯೇ ಬಂತು. ಮೂತಿ ಚಕ್ ಅಂತ ಮುಂದೆ ಹೋಗಿ ಹಿಂದೆ ಬಂತು. ತಿಂತೋ ಇಲ್ವೋ ತಿಳಿಯಲಿಲ್ಲ. ಮತ್ತೆ ಚಕ್. ಈ ಸಲ ಬಾಯಿ ಆಡಿದ್ದು ಕಂಡಿತು. ನಾನು ಉಸಿರು ಬಿಟ್ಟದ್ದು ಪೇಪರಿಗೆ ತಾಗಿ ಸರಕ್ ಅಂತ ಸದ್ದಾಯಿತು, ಮೀನು ಒಳಗೆ. ಐದು ನಿಮಿಷ ಕಳೆದು ಮತ್ತೆ ಬಂತು. ಅವತ್ತು ನಾಲ್ಕನೇ ದಿನ. ಹನ್ನೊಂದು ಸಲ ಕಚ್ಚಿದ್ದನ್ನು ನಾನು ಎಣಿಸಿದ್ದೇನೆ.

ತಿನ್ನಲು ಶುರುಮಾಡಿದ ಮೇಲೆ ಉಪ್ಪು ಏರಿಸತೊಡಗಿದೆ. ದಿನಾ ನಾಲ್ಕು ಲೀಟರ್ ತೆಗೆದು, ಅಷ್ಟೇ ಅಳತೆಯ ಸ್ವಲ್ಪ ಗಟ್ಟಿ ಉಪ್ಪಿನ ನೀರು ಹಾಕಿದೆ. ಆವಿಯಾಗಿ ಹೋದದ್ದಕ್ಕೂ ಸಿಹಿ ನೀರಿನ ಬದಲು ಉಪ್ಪು ನೀರೇ. ಆವಿಯಾಗೋದು ನೀರು ಮಾತ್ರ, ಉಪ್ಪು ಹಿಂದೆಯೇ ಉಳಿಯುತ್ತೆ. ಇದು ಲೆಕ್ಕಕ್ಕೆ ಬೇಕು, ಇಲ್ಲದಿದ್ದರೆ ಗೊತ್ತಿಲ್ಲದೆ ಅಳತೆ ಜಿಗಿಯುತ್ತೆ. ದಿನಕ್ಕೆ 0.001 ಮೀರದ ಹಾಗೆ ಹೋಗಿ, ಒಂದು ವಾರಕ್ಕೆ 1.025 ಮುಟ್ಟಿದೆ. ದಿನಾ ನೀರು ಬದಲಿಸಿದ್ದರಿಂದ ಅಮೋನಿಯಾ ಟೆಸ್ಟ್ ಒಂದು ದಿನವೂ ಹಸಿರಾಗಲಿಲ್ಲ, ಅಂದರೆ ಅಮೋನಿಯಾ ಏರಲಿಲ್ಲ.

ಐದು ವಾರ ಅಲ್ಲೇ ಇಟ್ಟೆ. ಚುಕ್ಕೆ ಬರಲಿಲ್ಲ, ಮೈ ಉಜ್ಜಲಿಲ್ಲ, ಉಸಿರು ಏರಲಿಲ್ಲ. ತಾಮ್ರದ ಔಷಧಿ ತಂದಿಟ್ಟಿದ್ದೆ, ಹಾಕಲಿಲ್ಲ. ರೋಗ ಇರಲಿ ಇಲ್ಲದಿರಲಿ ಹಾಕಿಬಿಡಬೇಕು ಅನ್ನುವವರೂ ಇದ್ದಾರೆ. ಅವರ ವಾದದಲ್ಲಿ ಹುರುಳಿದೆ, ಕಣ್ಣಿಗೆ ಕಾಣದ ಹುಳ ಕಿವಿರಿನಲ್ಲಿ ಅಡಗಿರಬಹುದು. ಆದರೆ ಈಗಷ್ಟೇ ತಿನ್ನಲು ಕಲಿತ ಫೈರ್‌ಫಿಶ್‌ಗೆ ತಾಮ್ರ ಕುಡಿಸಲು ನನಗೆ ಮನಸ್ಸು ಬರಲಿಲ್ಲ. ಅದು ನನ್ನ ಜೂಜು.

ದೊಡ್ಡ ಟ್ಯಾಂಕಿಗೆ ಬಿಟ್ಟದ್ದು ಒಂದು ಭಾನುವಾರ ರಾತ್ರಿ, ಲೈಟ್ ಆರಿದ ಮೇಲೆ. ಉಪ್ಪೂ ಬಿಸಿಯೂ ಎರಡೂ ಕಡೆ ಒಂದೇ ಇದ್ದದ್ದರಿಂದ ಡ್ರಿಪ್ಪೂ ಬೇಡ, ಚೀಲವೂ ಬೇಡ. ಕ್ಲೌನ್‌ಗಳು ಲೋಟದಲ್ಲಿ ಬಂದವು. ಫೈರ್‌ಫಿಶ್ ಮಾತ್ರ ಲೋಟ ಕಂಡ ತಕ್ಷಣ ಎಲ್ಬೋದೊಳಗೆ ಸೇರಿಕೊಂಡಿತು. ಎರಡು ಸಲ ಪ್ರಯತ್ನ ಮಾಡಿದೆ. ಮೂರನೇ ಸಲ ಪೈಪಿನ ಎರಡೂ ಬಾಯಿಗೆ ಕೈ ಮುಚ್ಚಿ, ಮೀನು ಸಮೇತ ಎತ್ತಿ, ಹಾಲ್ ದಾಟಿ, ಅತ್ತೆಯ ಟಿವಿಗೆ ಅಡ್ಡ ಬಂದು ಬಯ್ಯಿಸಿಕೊಂಡು, ದೊಡ್ಡ ಟ್ಯಾಂಕಿನ ಮರಳ ಮೇಲೆ ಮೆಲ್ಲಗೆ ಇಟ್ಟೆ. ಬೆಳಗ್ಗೆ ಹೊರಗೆ ಬಂದ ಮೇಲೆ ಪೈಪ್ ತೆಗೆದರಾಯಿತು ಅಂತ ಲೆಕ್ಕ ಹಾಕಿದ್ದೆ.

ಬೆಳಗ್ಗೆ ಹೊರಗೆ ಬಂತು. ಕಲ್ಲಿನ ಸಂದಿಗಳನ್ನೆಲ್ಲ ಒಂದು ಸುತ್ತು ಹಾಕಿ ನೋಡಿತು. ಆ ಕಲ್ಲುಗಳನ್ನು ಜೋಡಿಸಲು ನಾನು ಮೂರು ಭಾನುವಾರ ಕಳೆದಿದ್ದೆ. ಒಂದು ಗುಹೆಯೊಳಗೆ ಮೂತಿ ತೂರಿಸಿತು, ಹಿಂದೆ ಬಂತು. ಆಮೇಲೆ ಸೀದಾ ಹೋಗಿ ಪೈಪಿನೊಳಗೆ ಕೂತಿತು.

ತಿಂಗಳ ಮೇಲೆ ಆಯಿತು. ಎಲ್ಬೋ ಇನ್ನೂ ಅಲ್ಲೇ ಇದೆ, ಟ್ಯಾಂಕಿನ ನಟ್ಟನಡುವೆ, ಬೆಳ್ಳಗೆ. ಹೋದ ವಾರ ಓನರ್ ಅಂಕಲ್ ಟೈಲ್ಸ್ ನೋಡಲು ಬಗ್ಗಿದವರು ಹಾಗೇ ಟ್ಯಾಂಕಿನ ಕಡೆ ತಿರುಗಿ, "ಪ್ಲಂಬರ್ ಏನೋ ಬಿಟ್ಟು ಹೋಗಿದ್ದಾನೆ ನೋಡಮ್ಮ" ಅಂದರು.